ಜರ್ಮನಿಗೆ ಹೋದ ಮೇಲೆ ಅಲ್ಲಿನ ಹಬ್ಬ, ಪದ್ಧತಿ ಕಲಿಯುವುದು ಹೇಗೆ?

ಮಗಳನ್ನೂ ಕರೆದುಕೊಂಡು ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೀರಿ, ಅಲ್ಲಿನ ರಜೆ, ಹಬ್ಬಗಳನ್ನು ತಿಳಿದುಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನಾವು ಅದೇ ಊರಲ್ಲಿ ಆರು ವರ್ಷದಿಂದ ಇದ್ದೇವೆ. ರಜೆಯ ಪಟ್ಟಿ ಸುಲಭವಾಗಿ ಸಿಗುತ್ತದೆ. ಪದ್ಧತಿ ಮಾತ್ರ ಅಕ್ಕಪಕ್ಕದ ಮನೆಯವರಿಂದಲೇ ಕಲಿಯಬೇಕು.

ಪಟ್ಟಿ ನೋಡುವಾಗ ನಿಮ್ಮ ರಾಜ್ಯದ್ದನ್ನೇ ನೋಡಿ. ಜನವರಿ 6 ಇಲ್ಲಿ ರಜೆ, ಬರ್ಲಿನ್‌ನಲ್ಲಿ ಇಲ್ಲ. ಭಾನುವಾರ ಬಿದ್ದ ರಜೆಗೆ ಸೋಮವಾರ ಬದಲಿ ರಜೆ ಕೊಡುವುದಿಲ್ಲ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಡಿಸೆಂಬರ್ 24ರ ಮಧ್ಯಾಹ್ನ ಎರಡರೊಳಗೆ ಹಾಲು, ತರಕಾರಿ ತಂದಿಟ್ಟುಕೊಳ್ಳಿ. 25, 26 ಎರಡೂ ದಿನ ಏನೂ ಸಿಗುವುದಿಲ್ಲ.

ಇನ್ನು ಪಟ್ಟಿಯಲ್ಲಿ ಇಲ್ಲದ್ದು. ಈ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದಿದೆ. ಕಟ್ಟಡದ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸಿ ಒರೆಸುವ ವಾರದ ಪಾಳಿ. ನಮ್ಮ ಕಟ್ಟಡದಲ್ಲಿ ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಸಣ್ಣ ಬೋರ್ಡು ನೇತು ಹಾಕುತ್ತಾರೆ. ಕೆಲಸ ಮುಗಿಸಿ ಅದನ್ನು ಪಕ್ಕದ ಮನೆ ಬಾಗಿಲಿಗೆ ದಾಟಿಸಬೇಕು.

ಮೊದಲನೇ ವರ್ಷ ಜನವರಿಯಲ್ಲಿ ನಮ್ಮ ಪಾಳಿ ಬಂತು. ನಮ್ಮ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು. ಎರಡು ಅಂಕಿ, ನಡುವೆ ಸಿ, ಎಂ, ಬಿ ಅಕ್ಷರಗಳು, ಮತ್ತೆ ಎರಡು ಅಂಕಿ. ಮಕ್ಕಳು ಗೀಚಿದ್ದು ಅಂದುಕೊಂಡು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದೆ. ಎದುರು ಮನೆ ಅಜ್ಜಿ ನೋಡಿ 'ಅಯ್ಯೋ' ಅಂದರು. ಬೈಯಲಿಲ್ಲ. ಒಳಗೆ ಕರೆದು, ಕಾಫಿ ಕೊಟ್ಟು ವಿವರಿಸಿದರು. ಜನವರಿ 6ರ ಆಸುಪಾಸಿನಲ್ಲಿ ಮಕ್ಕಳು, ಹುಟ್ಟಿದ ಯೇಸುವನ್ನು ನೋಡಲು ಬಂದರು ಅನ್ನುವ ಮೂರು ರಾಜರ ವೇಷ ಹಾಕಿ, ನಕ್ಷತ್ರ ಹಿಡಿದು ಮನೆಮನೆಗೆ ಬರುತ್ತಾರೆ. ಹಾಡು ಹೇಳಿ, ಬಡ ಮಕ್ಕಳಿಗಾಗಿ ದುಡ್ಡು ಕೂಡಿಸುತ್ತಾರೆ. ಹೋಗುವಾಗ 'ಕ್ರಿಸ್ತ ಈ ಮನೆಯನ್ನು ಹರಸಲಿ' ಅನ್ನುವ ಅರ್ಥದ ಆ ಮೂರು ಅಕ್ಷರಗಳನ್ನು ಬರೆಯುತ್ತಾರೆ. ಆ ಅಂಕಿಗಳು ವರ್ಷದ್ದು. ನಮಗಿಂತ ಮೊದಲು ಆ ಮನೆಯಲ್ಲಿದ್ದವರಿಗೆ ಬರೆದ ಹಾರೈಕೆ ಅದು. ನನಗೆ ನಮ್ಮಜ್ಜಿಯ ಊರಿನ ಬಾಗಿಲುಗಳ ಮೇಲಿದ್ದ 'ನಾಳೆ ಬಾ' ನೆನಪಾಯಿತು. ಅದನ್ನು ಯಾರಾದರೂ ಹಾಗೆ ಒರೆಸಿದ್ದರೆ ಊರವರು ಸುಮ್ನೆ ಬಿಡುತ್ತಿದ್ದರಾ? ಅವತ್ತೇ ಎದುರು ಮನೆ ಅಜ್ಜಿಯನ್ನು ಕೇಳಿಕೊಂಡೆ, ಗೊತ್ತಿಲ್ಲದ್ದು ಕಂಡರೆ ನಿಮ್ಮನ್ನೇ ಕೇಳುತ್ತೇನೆ ಅಂತ. ಮುಂದಿನ ಜನವರಿಯಲ್ಲಿ ಆ ಮಕ್ಕಳು ನಮ್ಮ ಬಾಗಿಲನ್ನೂ ತಟ್ಟಿದರು.

ಹಾಗಾಗಿ ನನ್ನ ಸಲಹೆ, ಮೊದಲ ವಾರವೇ ಎದುರು ಮನೆಯವರಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟು ಪರಿಚಯ ಮಾಡಿಕೊಳ್ಳಿ. ಹುಟ್ಟುಹಬ್ಬದ ಶುಭಾಶಯವನ್ನು ಒಂದು ದಿನ ಮೊದಲು ಹೇಳಿದರೆ ಕೇಡು ಅಂತ ಇಲ್ಲಿನವರು ನಂಬುತ್ತಾರೆ. ಆಫೀಸಿಗೆ ಕೇಕ್ ತರಬೇಕಾದವರು ಹುಟ್ಟುಹಬ್ಬದವರೇ. ಗುಡ್ ಫ್ರೈಡೇ ದಿನ ಜೋರಾಗಿ ಹಾಡು ಹಾಕಬೇಡಿ, ಅದು ಅವರಿಗೆ ದುಃಖದ ದಿನ. ಇದನ್ನೆಲ್ಲ ಹೇಳಿಕೊಟ್ಟದ್ದು ಅಜ್ಜಿಯೇ.

ಮಗಳು ಚಿಕ್ಕವಳಾಗಿದ್ದರೆ ನವೆಂಬರ್ 11 ತಪ್ಪಿಸಬೇಡಿ. ಅದು ಸಂತ ಮಾರ್ಟಿನ್ ದಿನ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ನಿಲುವಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಸೈನಿಕ ಅವನು. ಮಕ್ಕಳು ಕಾಗದದ ಲಾಂದ್ರ ಹಿಡಿದು ಹಾಡುತ್ತಾ ನಡೆಯುತ್ತಾರೆ. ಕೆಲವು ಕಡೆ ಮಾರ್ಟಿನ್ ವೇಷದವರು ಕುದುರೆ ಮೇಲೆ ಮುಂದೆ ಹೋಗುತ್ತಾರೆ. ನನ್ನ ಮಗ ಲಾಂದ್ರ ಮಾಡಲು ಅಂಟು, ಬಣ್ಣದ ಕಾಗದ ಹಿಡಿದು ಎರಡು ಸಂಜೆ ಕೂತಿದ್ದ. ಆ ಹೊತ್ತಿಗೆ ಐದು ಗಂಟೆಗೇ ಕತ್ತಲಾಗುತ್ತದೆ, ಚಳಿಯೂ ಜಾಸ್ತಿ. ಮಗಳಿಗೆ ಎರಡು ಜೊತೆ ಸಾಕ್ಸ್ ಹಾಕಿಸಿ.