ಕರೆಂಟ್ ಹೋಗಿ ಬಂದರೆ ರೂಟರ್ ವಿಳಾಸ ಯಾಕೆ ಬದಲಾಗುತ್ತದೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳೇ ಮನೆ, ಕೆಂಪು ಕಲ್ಲಿನ ದಪ್ಪ ಗೋಡೆ. ಫೈಬರ್ ನೆಟ್ಟಿನ ಬಾಕ್ಸ್ ಜಗಲಿಯಲ್ಲಿದೆ. ಅಡುಗೆಮನೆ ಕಡೆ ಸಿಗ್ನಲ್ ಬರುವುದಿಲ್ಲವೆಂದು ಮಗ ಕೇಬಲ್ ಎಳೆದು, ಹಳೇ ರೂಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿ ಹಿಂದಿನ ಕೋಣೆಯಲ್ಲಿ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ವೈಫೈ ಪಾಸ್‌ವರ್ಡ್ ಬದಲಿಸಬೇಕಾದರೆ 192.168.1.7 ಎಂದು ಹೊಡೆಯಬೇಕೆಂದು ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದಾನೆ. ಮೊನ್ನೆ ಗಾಳಿಮಳೆಗೆ ಕರೆಂಟ್ ಹೋಗಿ ಬಂತು. ಈಗ ಅದನ್ನೇ ಹೊಡೆದರೆ ಪ್ರಿಂಟರ್‌ನ ಪುಟ ತೆರೆಯುತ್ತದೆ! ನೆಟ್ ಮಾತ್ರ ಚೆನ್ನಾಗಿಯೇ ಬರುತ್ತಿದೆ. ರೂಟರ್ ಕೆಟ್ಟಿತೇ ಮೇಡಂ?
– ಓದುಗರೊಬ್ಬರು, ಶಿರಸಿ

ಉತ್ತರ: ಕೆಟ್ಟಿಲ್ಲ. ಅದರ ವಿಳಾಸ ಬದಲಾಗಿದೆ, ಅಷ್ಟೇ.

ನಿಮ್ಮ ಮನೆಯ ಫೋನು, ಟಿವಿ, ಪ್ರಿಂಟರ್, ಹಿಂದಿನ ಕೋಣೆಯ ಆ ರೂಟರ್, ಎಲ್ಲಕ್ಕೂ ನಂಬರ್ (ಅದೇ ಐಪಿ ವಿಳಾಸ) ಹಂಚುವುದು ಜಗಲಿಯ ಬಾಕ್ಸ್. ಈ ಹಂಚಿಕೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ಸಿಟಿ ಬಸ್ಸಿನ ಸೀಟಿದ್ದಂತೆ, ಮೊದಲು ಹತ್ತಿದವರಿಗೆ ಮೊದಲು. ಯಾರಿಗೆ ಯಾವ ನಂಬರ್ ಕೊಟ್ಟೆ ಎಂಬ ಪಟ್ಟಿ ಎಷ್ಟೋ ಬಾಕ್ಸ್‌ಗಳಲ್ಲಿ ಕರೆಂಟ್ ಹೋದೊಡನೆ ಅಳಿಸಿಹೋಗುತ್ತದೆ. ಕರೆಂಟ್ ಬಂದಾಗ ನಿಮ್ಮ ಪ್ರಿಂಟರ್ ಮುಂಚೆ ಎದ್ದು 7ನ್ನು ಹಿಡಿದಿದೆ, ರೂಟರಿಗೆ ಬೇರೆ ನಂಬರ್ ಸಿಕ್ಕಿದೆ.

ಹಾಗಾದರೆ ನೆಟ್ ಹೇಗೆ ಬರುತ್ತಿದೆ ಅಂತೀರಾ? ಆಕ್ಸೆಸ್ ಪಾಯಿಂಟ್ ಕೆಲಸ ಕೇಬಲ್‌ನಲ್ಲಿ ಬಂದದ್ದನ್ನು ಗಾಳಿಗೆ ದಾಟಿಸುವುದು ಮಾತ್ರ. ಅದಕ್ಕೆ ಅದರ ವಿಳಾಸ ಬೇಕಾಗಿಯೇ ಇಲ್ಲ. ವಿಳಾಸ ಬೇಕಾಗುವುದು ನಿಮಗೆ, ಅದರ ಸೆಟ್ಟಿಂಗ್ ಪುಟ ತೆರೆಯಲು. ಆದ್ದರಿಂದ ಗಾಬರಿ ಬೇಡ. ಮುಖ್ಯವಾಗಿ, ಹಿಂದಿನ ಆ ಸಣ್ಣ ತೂತಿಗೆ ಪಿನ್ನು ಹಾಕಿ ರೀಸೆಟ್ ಮಾಡಬೇಡಿ. ಮಗ ಮಾಡಿಟ್ಟದ್ದೆಲ್ಲ ಅಳಿಸಿಹೋಗುತ್ತದೆ.

ಮೊದಲು ಅದು ಈಗ ಎಲ್ಲಿದೆ ನೋಡೋಣ. ಫೋನಿನಲ್ಲಿ ವೈಫೈ ಹೆಸರಿನ ವಿವರ ತೆರೆದರೆ ‘ಗೇಟ್‌ವೇ’ ಎಂದು ಒಂದು ನಂಬರ್ ಇರುತ್ತದೆ. ನಿಮ್ಮಲ್ಲಿ ಅದು ಬಹುಶಃ 192.168.1.1. ಅದು ಜಗಲಿ ಬಾಕ್ಸಿನದು. ಮೊಬೈಲ್ ಡೇಟಾ ಆಫ್ ಮಾಡಿ, ಆ ನಂಬರನ್ನು ಬ್ರೌಸರ್‌ನಲ್ಲಿ ಹೊಡೆದು ಒಳಗೆ ಹೋಗಿ. ಲಾಗಿನ್ ಸಾಮಾನ್ಯವಾಗಿ ಬಾಕ್ಸಿನ ಅಡಿಯ ಸ್ಟಿಕ್ಕರ್ ಮೇಲಿರುತ್ತದೆ. ಕನೆಕ್ಟ್ ಆದ ಸಾಧನಗಳ ಪಟ್ಟಿಯಲ್ಲಿ ಒಂದೊಂದರ ಮುಂದೆಯೂ ಮ್ಯಾಕ್ ವಿಳಾಸ ಅಂತ ಹನ್ನೆರಡು ಅಕ್ಷರ-ಅಂಕಿಗಳಿರುತ್ತವೆ. ಹಳೇ ರೂಟರನ್ನು ಮಗುಚಿ ಅದರ ಸ್ಟಿಕ್ಕರ್ ಜೊತೆ ಹೋಲಿಸಿ. ಕೊನೆಯ ಒಂದು ಅಂಕಿ ಹೆಚ್ಚುಕಡಿಮೆ ಇದ್ದರೂ ಅದೇ ಅಂತ ಹಿಡಿಯಿರಿ. ಒಂದೇ ರೂಟರಿಗೆ ಕೇಬಲ್ಲಿಗೊಂದು, ವೈಫೈಗೊಂದು ಅಂತ ಬೇರೆ ಬೇರೆ ಮ್ಯಾಕ್ ಇರುತ್ತದೆ.

ಇನ್ನು ವಿಳಾಸ ಖಾಯಂ ಮಾಡುವುದು. ಎರಡು ದಾರಿ ಇವೆ. ‘ಈ ಮ್ಯಾಕ್‌ಗೆ ಯಾವಾಗಲೂ ಇದೇ ನಂಬರ್ ಕೊಡು’ ಎಂದು ಜಗಲಿ ಬಾಕ್ಸಿಗೆ ಹೇಳಿಡಬಹುದು, ಅದಕ್ಕೆ ರಿಸರ್ವೇಶನ್ ಎನ್ನುತ್ತಾರೆ. ಇಲ್ಲವೇ ಹಿಂದಿನ ರೂಟರಿನಲ್ಲೇ ನಂಬರ್ ಬರೆದಿಡಬಹುದು. ಪುಸ್ತಕ ಓದಿದವರು ಮೊದಲನೆಯದೇ ಸರಿ ಎನ್ನುತ್ತಾರೆ. ಊರೂರಿಗೆ ಕೇಬಲ್ ಎಳೆಯುವ ನನ್ನ ಓಟು ಎರಡನೆಯದಕ್ಕೆ. ನಿಮ್ಮ ಕಡೆ ಮಳೆಗಾಲದಲ್ಲಿ ಸಿಡಿಲಿಗೆ ಬಾಕ್ಸ್ ಸುಟ್ಟುಹೋಗುವುದು ಹೊಸದಲ್ಲ. ನೆಟ್ಟಿನವರು ಹೊಸ ಬಾಕ್ಸ್ ಹಾಕಿ ಹೋಗುತ್ತಾರೆ, ರಿಸರ್ವೇಶನ್ ಹಳೇ ಬಾಕ್ಸಿನ ಜೊತೆಗೇ ಹೋಗುತ್ತದೆ.

ಯಾವ ನಂಬರ್ ಕೊಡಬೇಕು? ಜಗಲಿ ಬಾಕ್ಸಿನ ಡಿಎಚ್‌ಸಿಪಿ ಪುಟದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಹಂಚಬೇಕೆಂದು ಇರುತ್ತದೆ. ವಿಳಾಸದ ಕೊನೆಯ ಭಾಗ 2ರಿಂದ 254ರವರೆಗೆ ಇದ್ದರೆ, 254ನ್ನು 200ಕ್ಕೆ ಇಳಿಸಿ. ಆಮೇಲೆ 250ನ್ನು ರೂಟರಿಗೆ ಇಟ್ಟುಕೊಳ್ಳಿ, ಅದನ್ನು ಬೇರೆ ಯಾರಿಗೂ ಬಾಕ್ಸ್ ಕೊಡುವುದಿಲ್ಲ. ಗಿರಾಕಿಯ ಲಾಗಿನ್‌ಗೆ ಆ ಪುಟ ಕಾಣದಂತೆ ಮಾಡಿಟ್ಟ ಬಾಕ್ಸ್‌ಗಳೂ ಇವೆ. ಆಗಲೂ 250 ಕೊಟ್ಟು ನೋಡಿ. ಸುಮಾರು ಬಾಕ್ಸ್‌ಗಳು ಕೆಳಗಿನ ನಂಬರುಗಳಿಂದ ಹಂಚುತ್ತಾ ಹೋಗುತ್ತವೆ, ಮನೆಯಲ್ಲಿ ಹತ್ತು ಹದಿನೈದು ಸಾಧನ ಇದ್ದರೆ ಅಲ್ಲಿಯವರೆಗೆ ಬರುವುದು ಕಡಿಮೆ.

ಈಗ ಹಿಂದಿನ ರೂಟರಿನ ಪುಟಕ್ಕೆ ಹೋಗಿ, ‘ಲ್ಯಾನ್’ ಅಥವಾ ‘ನೆಟ್‌ವರ್ಕ್’ ಎಂಬಲ್ಲಿ ಡೈನಾಮಿಕ್ ಅಥವಾ ಸ್ಮಾರ್ಟ್ ಐಪಿ ಇದ್ದದ್ದನ್ನು ಸ್ಟ್ಯಾಟಿಕ್ (ಅಂದರೆ ಖಾಯಂ) ಮಾಡಿ. ಐಪಿ 192.168.1.250. ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಮತ್ತು ಡಿಎನ್‌ಎಸ್ ಎರಡಕ್ಕೂ 192.168.1.1. ಅಲ್ಲೇ ಡಿಎಚ್‌ಸಿಪಿ ಆಫ್ ಇದೆಯೇ ಅಂತಲೂ ನೋಡಿಬಿಡಿ. ಒಂದೇ ಮನೆಯಲ್ಲಿ ಇಬ್ಬರು ನಂಬರ್ ಹಂಚಲು ಕೂತರೆ ಒಮ್ಮೆ ನೆಟ್ ಬರುತ್ತದೆ, ಒಮ್ಮೆ ಇಲ್ಲ, ಕಾರಣವೂ ಬೇಗ ಸಿಗುವುದಿಲ್ಲ.

ಸೇವ್ ಒತ್ತಿದ ಮೇಲೆ ಒಂದು ತಮಾಷೆ ಆಗುತ್ತದೆ. ಪುಟ ಸುತ್ತುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ನನಗೆ ಜಾಸ್ತಿ ಫೋನ್ ಬರುವುದು ಈ ಹಂತದಲ್ಲೇ. ಬ್ರೌಸರ್ ಇನ್ನೂ ಹಳೇ ವಿಳಾಸದಲ್ಲಿ ಕಾಯುತ್ತಿದೆ, ರೂಟರ್ ಹೊಸದಕ್ಕೆ ಹೋಗಿದೆ. ಅರ್ಧ ನಿಮಿಷ ಸುಮ್ನೆ ಬಿಟ್ಟು, 192.168.1.250 ಎಂದು ಹೊಸದಾಗಿ ಹೊಡೆಯಿರಿ. ತೆರೆದರೆ ಕ್ಯಾಲೆಂಡರ್ ಮೇಲಲ್ಲ, ರೂಟರಿನ ಬೆನ್ನಿಗೇ ಚೀಟಿ ಅಂಟಿಸಿ. ಕ್ಯಾಲೆಂಡರ್ ಯುಗಾದಿಗೋ ಜನವರಿಗೋ ಹೋಗಿಬಿಡುತ್ತದೆ ಅಲ್ವಾ?

ಮುಂದೆ ನೀವು ನೆಟ್ ಕಂಪನಿ ಬದಲಿಸಿದರೆ ಮಾತ್ರ ಒಂದು ತೊಡಕಿದೆ. ಉದಾಹರಣೆಗೆ ಜಿಯೋ ಫೈಬರ್ ಬಾಕ್ಸಿನ ವಿಳಾಸ 192.168.29.1. ಆಗ ಮನೆಯ ನಂಬರುಗಳೆಲ್ಲ 29ರ ಸಾಲಿಗೆ ಹೋಗುತ್ತವೆ, ನಿಮ್ಮ 1.250 ಬೇರೆ ಸಾಲಿನಲ್ಲಿ ಉಳಿಯುತ್ತದೆ. ನೆಟ್ ಬರುತ್ತದೆ, ಪುಟ ತೆರೆಯುವುದಿಲ್ಲ. ಆ ದಿನ ಹಿಂದಿನ ರೂಟರಿನ ವೈಫೈಗೆ ಸೇರಿ, ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಐಪಿಯನ್ನು ಸ್ಟ್ಯಾಟಿಕ್ ಮಾಡಿ 192.168.1.50 ಕೊಡಿ. ‘ಇಂಟರ್‌ನೆಟ್ ಇಲ್ಲ’ ಎಂದು ಫೋನ್ ಗೊಣಗುತ್ತದೆ, ಕನೆಕ್ಟ್ ಆಗಿಯೇ ಇರು ಅನ್ನಿ. 1.250 ತೆರೆಯುತ್ತದೆ. ಅಲ್ಲಿ 192.168.29.250 ಎಂದು, ಗೇಟ್‌ವೇ ಮತ್ತು ಡಿಎನ್‌ಎಸ್‌ಗೆ 192.168.29.1 ಎಂದು ಬದಲಿಸಿ, ಫೋನನ್ನು ಮೊದಲಿನಂತೆ ಡಿಎಚ್‌ಸಿಪಿಗೆ ತನ್ನಿ.

ಪ್ರಶ್ನೆ: ಮನೆಯ ಆಕ್ಸೆಸ್ ಪಾಯಿಂಟಿಗೆ ಖಾಯಂ ವಿಳಾಸ ಬೇಕು ಅಂದರೆ, ನೆಟ್ ಕೊಡುವವರು ‘ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು’ ಎನ್ನುತ್ತಾರೆ. ಕೊಡಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದಕ್ಕೆ ಒಂದು ಪೈಸೆಯೂ ಬೇಡ. ಅವರು ಹೇಳುವುದು ನಿಮ್ಮ ಮನೆಗೆ ಹೊರಗಿನ ಇಂಟರ್‌ನೆಟ್‌ನಲ್ಲಿ ಇರುವ ವಿಳಾಸದ ಮಾತು. 192.168ರಿಂದ, 10ರಿಂದ, 172.16–172.31ರಿಂದ ಶುರುವಾಗುವ ನಂಬರುಗಳು ಮನೆ, ಆಫೀಸಿನ ಒಳಗಿನ ಬಳಕೆಗೆಂದೇ ಬಿಟ್ಟವು. 1996ರ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿ ಹಾಗಿದೆ. ಯಾರನ್ನೂ ಕೇಳದೆ ಬಳಸಬಹುದು. ಬೇರೆ ಊರಿನಿಂದ ಮನೆಯ ಸರ್ವರಿಗೆ ನೇರವಾಗಿ ಹೊಕ್ಕಬೇಕು ಎಂಬಂಥ ಅಗತ್ಯ ಇದ್ದರೆ ಅವರ ಸ್ಟ್ಯಾಟಿಕ್ ಐಪಿ ಬಗ್ಗೆ ಯೋಚಿಸಿ. ಆಕ್ಸೆಸ್ ಪಾಯಿಂಟಿನ ಪುಟ ತೆರೆಯಲು ಮೇಲೆ ಶಿರಸಿಯವರಿಗೆ ಹೇಳಿದಷ್ಟೇ ಸಾಕು.