ಹಲಗೆಯ ಬೆನ್ನಿಗೂ ಗಾಳಿ ಬೇಕು

ಪ್ರಶ್ನೆ: ಅಣ್ಣಾ, ನಮ್ಮದು ಮುರಕಲ್ಲಿನ ಮನೆ. ಚಂದ ಕಾಣಲಿ ಅಂತ ಪಡುವಣ ಗೋಡೆಗೆ ಎರಡು ವರ್ಷದ ಹಿಂದೆ ಹಲಸಿನ ಹಲಗೆ ಅಡ್ಡಕ್ಕೆ ಹೊಡೆಸಿದೆವು. ಆಚಾರಿ ಹಿಂದೆ ಒಂದಿಂಚು ಜಾಗ ಬಿಟ್ಟಿದ್ದರು. ಜಿರಳೆ, ಕಣಜ ನುಗ್ತವೆ ಅಂತ ನಾನು ಕೆಳಗಿನ ಸಂದಿಗೆ ಸಿಲಿಕಾನ್ ತುಂಬಿಸಿದೆ. ಈ ಮಳೆಗೆ ಕೆಳಗಿನ ಮೂರು ಹಲಗೆ ಕಪ್ಪಾಗಿವೆ, ಬಾಗಿವೆ. ಮೇಲೂ ಮುಚ್ಚಿಬಿಡಲಾ?
– ಓದುಗರು, ಪೆರ್ಲ

ಉತ್ತರ: ಅಯ್ಯೋ, ಬೇಡ! ಕೆಳಗಿನದನ್ನೂ ಇವತ್ತೇ ಕೆತ್ತಿ ತೆಗೆಯಿರಿ. ಆಚಾರಿ ಸರಿಯಾಗಿಯೇ ಮಾಡಿದ್ದರು, ಕೆಡಿಸಿದ್ದು ನೀವು. ಬೇಜಾರಾಗಬೇಡಿ. ನೀರ್ಚಾಲಿನ ನನ್ನ ಮನೆಗೆ ನಾನೂ ಇದೇ ಬುದ್ಧಿ ಓಡಿಸಿದ್ದೆ, ಅದೂ ಸಿಮೆಂಟಿನಲ್ಲಿ. ಆಟಿ ಮುಗಿಯುವಾಗ ಹಲಗೆಯಲ್ಲಿ ಅಣಬೆ ಎದ್ದಿತ್ತು.

ಪಡುವಣ ಗಾಳಿಗೆ ಮಳೆ ಅಡ್ಡ ಹೊಡೆಯುವಾಗ, ಹಲಗೆ ಎಷ್ಟೇ ಬಿಗಿ ಇರಲಿ, ಸ್ವಲ್ಪ ನೀರು ಒಳಗೆ ಹೋಗಿಯೇ ಹೋಗುತ್ತದೆ. ಅದು ಕೆಳಗಿಳಿದು ಹೊರಗೆ ಬೀಳಬೇಕು. ಉಳಿದ ಪಸೆ ಗಾಳಿಗೆ ಆರಬೇಕು. ಬಿಸಿಲಿಗೆ ಹಲಗೆ ಕಾದಾಗ ಹಿಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಕೆಳಗಿಂದ ಹೊಸ ಗಾಳಿ ಬರುತ್ತದೆ. ಒಂದು ಬಾಯಿ ಮುಚ್ಚಿದರೆ ಆ ಓಟ ನಿಂತಿತು. ಆಮೇಲೆ ಹಲಗೆಯ ಮುಖ ಒಣಗಿ ಕುಗ್ಗುತ್ತದೆ, ಬೆನ್ನು ಪಸೆ ಕುಡಿದು ಉಬ್ಬುತ್ತದೆ. ನಿಮ್ಮ ಹಲಗೆ ಬಾಗಿದ್ದು ಅದಕ್ಕೇ. ನಮ್ಮಜ್ಜ ಮಳೆಗಾಲಕ್ಕೆ ಮಣ್ಣಿನ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಗೋಡೆಗೆ ಅಂಟಿಸಿ ಅಲ್ಲ, ಗೇಣು ದೂರ ಬಿಟ್ಟು. ನಾನು ಸಿಮೆಂಟ್ ಮೆತ್ತುವಾಗ ಅದು ನೆನಪಾಗಲಿಲ್ಲ ನೋಡಿ.

ಹುಳಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ ಬಲೆ ಸಾಕು, ಮೇಲೂ ಕೆಳಗೂ. ತೀರಾ ಸಣ್ಣ ಕಣ್ಣಿನದು ಬೇಡ, ಧೂಳು, ಜೇಡರ ಬಲೆ ಕಟ್ಟಿ ಅದೂ ಮುಚ್ಚಿಹೋಗುತ್ತದೆ. ಬೇಸಗೆಯಲ್ಲಿ ಒಂದ್ಸಲ ಬ್ರಶ್ ಆಡಿಸಿ. ಕಿಟಕಿ ಇದ್ದರೆ ಅದರ ಕೆಳಗೂ ಮೇಲೂ ಸಂದಿ ತೆರೆದಿದೆಯಾ ನೋಡಿ. ಅಲ್ಲಿ ದಾರಿ ಕಟ್ಟುವುದೇ ಜಾಸ್ತಿ.

ಹಲಗೆ ಅಡ್ಡಕ್ಕಿರುವುದರಿಂದ ಹಿಂದಿನ ರೀಪು, ಅಂದರೆ ಹಲಗೆ ಹೊಡೆಯುವ ಮರದ ಪಟ್ಟಿ, ನೆಟ್ಟಗಿರುತ್ತದೆ, ಗಾಳಿಗೆ ತೊಂದರೆಯಿಲ್ಲ. ಹಲಗೆಯನ್ನೇ ನೆಟ್ಟಗೆ ಹೊಡೆಯುವವರಿಗೆ ಅಡ್ಡ ರೀಪೇ ಶತ್ರು. ಅವರು ಮೊದಲು ಗೋಡೆಗೆ ನೆಟ್ಟಗಿನ ರೀಪು ಹೊಡೆದು, ಅದರ ಮೇಲೆ ಅಡ್ಡದ್ದನ್ನು ಹೊಡೆಯಬೇಕು.

ಕಪ್ಪಾದ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಬದಲಿಸಿ. ಇಳಿಯದಿದ್ದರೆ ಕಪ್ಪು ಉಜ್ಜಿ ತೆಗೆದು ಒಣಗಲು ಬಿಡಿ. ಹೊಸತರಲ್ಲಿ ಹಲಸಿನ ಹೊರಗಿನ ಬಿಳಿ ಭಾಗ ಬೇಡ, ಒಳಗಿನ ಹಳದಿ ತಿರುಳೇ ಇರಲಿ. ಹೊಡೆಯುವ ಮೊದಲು ಬೆನ್ನಿಗೂ ಕೊಯ್ದ ತುದಿಗಳಿಗೂ ಎಣ್ಣೆ ಹಚ್ಚಿ. ಎಲ್ಲರೂ ಮುಖಕ್ಕೆ ಮಾತ್ರ ಹಚ್ಚುವುದಲ್ವಾ! ಕೆಳಗಿನ ಹಲಗೆ ನೆಲದಿಂದ ಎಂಟಿಂಚಾದರೂ ಮೇಲಿರಲಿ. ಸೂರಿನ ನೀರು ಸಿಡಿಯುವುದು ಕಡಿಮೆಯಾಗುತ್ತದೆ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ.

ಹಲಗೆ ಬದಲಿಸುವ ಕೆಲಸ ತುಲಾಮಳೆ ಕಳೆದು ಡಿಸೆಂಬರಿನಲ್ಲಿ ಮಾಡಿಸಿ. ಸಿಲಿಕಾನಿಗೆ ಮಾತ್ರ ಅಷ್ಟು ದಿನ ಕಾಯಬೇಡಿ, ಒಂದು ಹಳೇ ಚೂರಿ ಸಾಕು.