ವಾರ್ಸಾದ ಆ ಬೆಳ್ಳಿ ಬಟ್ಟಲಿಗೆ ಮುಂಗಡ ಕೊಡುವ ಮುನ್ನ

ನಮಸ್ಕಾರ. ವಾರ್ಸಾದ ಹಳೆಯ ಸಾಮಾನಿನ ಸಂತೆಯಲ್ಲಿ ಕಂಡ ಕಿದ್ದುಶ್ ಬಟ್ಟಲನ್ನು ಕೊಳ್ಳಬಹುದೇ ಎಂದು ಕೇಳಿದ್ದೀರಿ. (ಉಳಿದವರಿಗಾಗಿ: ಯಹೂದಿಗಳು ಶುಕ್ರವಾರ ಸಂಜೆ ದ್ರಾಕ್ಷಾರಸ ತುಂಬಿ ಪ್ರಾರ್ಥನೆ ಹೇಳುವ ಬಟ್ಟಲು ಇದು.) ಮಾರುವವರು ಹೇಳಿದ ಬೆಲೆಗೆ ಬೇಡ. ಕಾರಣ ನೀವು ಹಾಕಿರುವ ಚಿತ್ರಗಳಲ್ಲೇ ಇದೆ.

ಅಡಿಯ ಮುದ್ರೆಯಲ್ಲಿ 84 ಎಂದಿದೆ. ಇದು ರಷ್ಯನ್ ಸಾಮ್ರಾಜ್ಯದ ಲೆಕ್ಕ: 96 ಪಾಲಿನಲ್ಲಿ 84 ಪಾಲು ಬೆಳ್ಳಿ, ಅಂದರೆ ಸಾವಿರಕ್ಕೆ 875. ವಾರ್ಸಾ ಆಗ ಆ ಸಾಮ್ರಾಜ್ಯದೊಳಗೇ ಇದ್ದುದರಿಂದ ಅಂಕಿಯೇನೋ ಸರಿ. ಪಕ್ಕದಲ್ಲಿ ಕೊಕೊಶ್ನಿಕ್ ಎಂಬ ತಲೆಯುಡುಗೆ ತೊಟ್ಟ ಹೆಣ್ಣಿನ ಮುಖವಿದೆಯಲ್ಲ, ಆಕೆ ಯಾವ ಕಡೆಗೆ ನೋಡುತ್ತಿದ್ದಾಳೆ? 1908ಕ್ಕೆ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. ನಿಮ್ಮ ಬಟ್ಟಲಿನವಳು ಬಲಕ್ಕೆ ನೋಡುತ್ತಿದ್ದಾಳೆ.

ಇನ್ನು ಅಂಚಿನ ಹೀಬ್ರೂ ಬರಹ. ಕೊನೆಯ ಮೂರು ಅಕ್ಷರಗಳು ತಾವ್, ರೇಶ್, ಸಾಮೆಖ್. ನಮ್ಮ ಕಟಪಯಾದಿಯಲ್ಲಿರುವಂತೆ ಹೀಬ್ರೂ ಅಕ್ಷರಗಳಿಗೂ ಬೆಲೆಯುಂಟು, ಆದರೆ ಇಲ್ಲಿ ಸುಮ್ಮನೆ ಕೂಡಿಸಬೇಕು: 400, 200, 60, ಒಟ್ಟು 660. ಸಾವಿರದ ಅಂಕಿಯನ್ನು ಬಿಟ್ಟು ಬರೆಯುವುದು ರೂಢಿ, ಹಾಗಾಗಿ ಇದು ಯಹೂದಿ ಪಂಚಾಂಗದ 5660ನೆಯ ವರ್ಷ. 660ಕ್ಕೆ 1240 ಸೇರಿಸಿದರೆ ನಮ್ಮ 1900. ಮುದ್ರೆ ಬೀಳುವುದಕ್ಕೆ ಎಂಟು ವರ್ಷ ಮೊದಲೇ ಬಟ್ಟಲನ್ನು ಉಡುಗೊರೆ ಕೊಟ್ಟವರು ಯಾರೋ! ತೀರಿಕೊಂಡವರ ನೆನಪಿಗೆಂದು ಹಳೆಯ ಇಸವಿಯನ್ನು ಕೆತ್ತಿಸಿರಲೂಬಹುದು. ಆದರೆ ಹಾಗಿದ್ದರೆ ಅದನ್ನು ಹೇಳುವ ಮಾತೂ ಇರಬೇಕಿತ್ತು. ಇಲ್ಲಿರುವುದು ಬರೀ ಒಂದು ಹೆಸರು.

ನನ್ನ ಅನುಮಾನ, ಬಟ್ಟಲು ಹಳೆಯದು, ಬರಹ ಮೊನ್ನೆಯದು. ಸಾದಾ ಬಟ್ಟಲಿಗೆ ಹೀಬ್ರೂ ಕೆತ್ತಿದರೆ ಬೆಲೆ ಹಾರುತ್ತದೆ, ಅಷ್ಟೇ. ಭೂತಗನ್ನಡಿ ಹಿಡಿದು ಗೀರುಗಳನ್ನು ನೋಡಿ. ನೂರು ವರ್ಷ ಬಳಸಿದ ಬಟ್ಟಲಿನ ಮೈಮೇಲಿನ ಗೀರು ಅಕ್ಷರದ ಮೇಲೂ ಹಾದು ಹೋಗಿರುತ್ತದೆ. ಹೊಸ ಕೆತ್ತನೆಯಾದರೆ ಅಕ್ಷರವೇ ಗೀರನ್ನು ಕತ್ತರಿಸಿರುತ್ತದೆ, ಅಂಚು ಉಗುರಿಗೆ ಚುರುಕಾಗಿ ಸಿಗುತ್ತದೆ. ಹೀಬ್ರೂ ಬಾರದವರು ಕೆತ್ತಿದ್ದರೆ ದಾಲೆತ್ ಮತ್ತು ರೇಶ್ ಅದಲು ಬದಲಾಗುವುದೂ ಉಂಟು. ದಾಲೆತ್‌ಗೆ ಬಲಮೂಲೆ ಚೂಪು, ರೇಶ್‌ಗೆ ದುಂಡು.

ಇಷ್ಟು ಹೇಳುವ ನಾನೇ ಲಂಡನ್ನಿನಲ್ಲಿದ್ದಾಗ ಮೋಸ ಹೋಗಿದ್ದೇನೆ. ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ ಮುಗಿದಾಗ ಪರಿಮಳ ನೋಡುವ ಗೋಪುರದಾಕಾರದ ಮಸಾಲೆ ಡಬ್ಬಿ. ತುದಿಯಲ್ಲಿ ಪುಟ್ಟ ಬಾವುಟ, ಮನಸೋತೆ. ಮನೆಗೆ ತಂದು ತಿರುಗಿಸಿದರೆ ಬುಡಕ್ಕೂ ಗೋಪುರಕ್ಕೂ ನಡುವೆ ತವರದ ಬೆಸುಗೆ ಬೂದು ಬಣ್ಣದಲ್ಲಿ ಇಣುಕುತ್ತಿತ್ತು. ಬುಡ ಯಾವುದೋ ಮೇಣದಬತ್ತಿ ಕಂಬದ್ದು.

ಕೊಂಡರೂ ದಯವಿಟ್ಟು ಹಬ್ಬದ ಪಂಚಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಕೆತ್ತನೆಯ ಕುಳಿಯೊಳಗಿನ ಕಪ್ಪೇ ವಯಸ್ಸಿನ ಸಾಕ್ಷಿ.

ಇನ್ನೊಂದು ಮಾತು. ಮುಂದೆ ಯಹೂದಿಗಳ ಧರ್ಮಗ್ರಂಥವಾದ ತೋರಾ ಸುರುಳಿಯ ಕಿರೀಟವೋ, ಓದುವಾಗ ಸಾಲು ತೋರಿಸುವ 'ಯಾದ್' ಎಂಬ ಕಡ್ಡಿಯೋ ಸಿಕ್ಕಿ, ಅದರ ಮೇಲೆ ಸಿನಗಾಗಿನ, ಅಂದರೆ ಅವರ ಪ್ರಾರ್ಥನಾ ಮಂದಿರದ, ಹೆಸರಿದ್ದರೆ, ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆ ಇಲ್ಲದೆ ಮುಟ್ಟಬೇಡಿ. ನಾತ್ಸಿಗಳು ದೋಚಿದ ಬೆಳ್ಳಿ ಇಂದಿಗೂ ಮಾರುಕಟ್ಟೆಯಲ್ಲಿ ತಿರುಗುತ್ತಿದೆ. ಪೋಲೆಂಡ್‌ನಿಂದ ಹಳೆಯ ವಸ್ತುಗಳನ್ನು ಹೊರಗೆ ಒಯ್ಯುವುದಕ್ಕೂ ನಿಯಮಗಳಿವೆ, ಅವನ್ನು ಮೊದಲೇ ವಿಚಾರಿಸಿಕೊಳ್ಳಿ.

ಸದ್ಯಕ್ಕೆ ಅಂಚಿನ ಬರಹದ ಮೇಲೆ ಓರೆಯಾಗಿ ಬೆಳಕು ಬಿಟ್ಟು ಹತ್ತಿರದಿಂದ ಒಂದು ಚಿತ್ರ ತೆಗೆದು ಇಲ್ಲಿ ಹಾಕಿ. ಗೀರು ಅಕ್ಷರದ ಮೇಲೆ ಹಾದಿದ್ದರೆ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಬೆಳ್ಳಿಯ ತೂಕದ ಬೆಲೆಗಿಂತ ಸ್ವಲ್ಪ ಮೇಲೆ ಕೇಳಿ ನೋಡಿ.